ರಾಯಪ್ಪ ಕೈಬಿಟ್ಟ ಹಾರೆ

ನಾನು ಒಂದು ಹಾರೆ. ಏಟು ತಿಂದೇ ಹುಟ್ಟಿದವನು. ಕುಲುಮೆಯ ಕೆಂಡದಲ್ಲಿ ನನ್ನನ್ನು ಕೆಂಪಗೆ ಕಾಯಿಸಿ, ಇಬ್ಬರು ಎದುರುಬದುರು ನಿಂತು ಸುತ್ತಿಗೆಯಿಂದ ಬಡಿದರು. ಒಂದು ತುದಿ ಚೂಪಾಯಿತು, ಇನ್ನೊಂದು ಉಳಿಯ ಬಾಯಿಯಂತೆ ಚಪ್ಪಟೆಯಾಯಿತು. ನೀರಿಗೆ ಅದ್ದಿದಾಗ ನಾನು ಚೀರಿದ್ದು ಬೀದಿಗೆಲ್ಲ ಕೇಳಿಸಿತು. ಹೀಗೆ ಹುಟ್ಟಿದವನಿಂದ ಮೃದು ಮಾತು ನಿರೀಕ್ಷಿಸಬೇಡಿ.

ನನ್ನನ್ನು ಕೊಂಡವನು ಕಲ್ಲುಕ್ವಾರಿಯ ರಾಯಪ್ಪ. ಅವನ ಊರಿನಲ್ಲಿ ಎಲ್ಲರೂ ಕ್ರೈಸ್ತರು, ಎಲ್ಲರೂ ಕಲ್ಲು ಒಡೆಯುವವರು. ಇದ್ದದ್ದು ಒಂದೇ ಕ್ಯಾಥೊಲಿಕ್ ಚರ್ಚು. ವಾರವೆಲ್ಲ ನಾನು ಬಂಡೆ ಸೀಳುತ್ತಿದ್ದೆ. ಯಾರಾದರೂ ಸತ್ತರೆ ಗುಂಡಿ ತೋಡುತ್ತಿದ್ದೆ. ಅದು ರಾಯಪ್ಪನ ಮನೆತನದ ಕೆಲಸ. ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಪ್ರಾರ್ಥನೆಯ ಗಂಟೆ ಹೊಡೆದರೆ ಸಾಕು, ಕ್ವಾರಿಯೇ ನಿಂತುಬಿಡುತ್ತಿತ್ತು. ಕೈಯಲ್ಲಿದ್ದುದನ್ನು ಕೆಳಗೆ ಹಾಕಿ, ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಮಾತು ಬಾರದ ಮಕ್ಕಳಿಗೂ ಅಮ್ಮಂದಿರು ಕೈಹಿಡಿದು ಅದನ್ನು ಕಲಿಸುತ್ತಿದ್ದರು. ನನಗೆ ದಿನಕ್ಕೆ ಸಿಗುತ್ತಿದ್ದ ವಿರಾಮ ಅಷ್ಟೇ.

ರಾಯಪ್ಪನಿಗೆ ಚಿನ್ನಪ್ಪ ಎಂಬ ತಮ್ಮ. ಅವನ ಪುಟ್ಟ ಮಗಳು ತೆರೇಸ ಜ್ವರದಲ್ಲಿ ಹೋದಾಗ ಆ ಗೇಣುದ್ದದ ಗುಂಡಿಯನ್ನೂ ನಾನೇ ತೋಡಿದೆ. ಮರುವರ್ಷ ಊರಿಗೆ ಹೊಸದೊಂದು ಪ್ರಾರ್ಥನಾ ಸಭೆ ಬಂತು. ಚಿನ್ನಪ್ಪ ಅದಕ್ಕೆ ಸೇರಿ, ಹಳೇ ಕ್ವಾರಿಯ ನೀರಿನಲ್ಲಿ ಮುಳುಗಿ ಎರಡನೇ ಸಲ ದೀಕ್ಷಾಸ್ನಾನ ಪಡೆದ. ಹೆಂಡತಿ ಲೂರ್ದಮ್ಮನೂ, ಇನ್ನಷ್ಟು ಮನೆಯವರೂ ಹಿಂದೆಯೇ ಹೋದರು. ಅವರು ಗೋಡೆಯಿಂದ ದೇವಮಾತೆಯ ಪಟ ಇಳಿಸಿದರು, ಶಿಲುಬೆಯ ಗುರುತನ್ನೂ ಬಿಟ್ಟರು. ಕೈತಟ್ಟಿ ಹಾಡಿ ಪ್ರಾರ್ಥಿಸುತ್ತಾರೆಂದು ಚರ್ಚಿನವರು ಅವರನ್ನು ಚಪ್ಪಾಳೆಯವರು ಎಂದರು. ಪ್ರತಿಮೆಗಳಿಗೆ ಕೈಮುಗಿಯುತ್ತಾರೆಂದು ಅವರು ಚರ್ಚಿನವರನ್ನು ಬೊಂಬೆಯವರು ಎಂದರು. ಅಣ್ಣತಮ್ಮಂದಿರ ಮಾತು ನಿಂತಿತು. ಒಂದೇ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತು ಬುತ್ತಿ ಉಣ್ಣುತ್ತಿದ್ದರು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಕ್ವಾರಿಯಲ್ಲಿ ಬಂಡೆ ಜಾರಿ ಚಿನ್ನಪ್ಪನ ಎದೆಯ ಮೇಲೆ ಬಿತ್ತು. ರಾಯಪ್ಪ ನನ್ನನ್ನು ಅಡಿಗೆ ತೂರಿಸಿ, ಮೀಟಿ, ತಮ್ಮನನ್ನು ಹೊರಗೆಳೆದ. ಉಸಿರಿರಲಿಲ್ಲ. ಎಲ್ಲರೂ ನೋಡುತ್ತಿದ್ದರೆಂದು ರಾಯಪ್ಪ ಅಳಲೂ ಇಲ್ಲ.

ಲೂರ್ದಮ್ಮನದು ಒಂದೇ ಹಟ: ಗಂಡನನ್ನು ಮಗಳ ಪಕ್ಕದಲ್ಲೇ ಮಣ್ಣು ಮಾಡಬೇಕು. ಬಿಟ್ಟುಹೋದವರಿಗೆ ಸಮಾಧಿ ತೋಟದಲ್ಲಿ ಜಾಗವಿಲ್ಲ ಎಂದರು ಚರ್ಚಿನ ಹಿರಿಯರು. ಗೇಟಿಗೆ ಬೀಗ ಜಡಿದು, ಅದರ ಮುಂದೆ ರಾಯಪ್ಪನನ್ನೇ ನಿಲ್ಲಿಸಿದರು. ಅವನ ಕೈಯಲ್ಲಿ ನಾನಿದ್ದೆ.

ಮರುದಿನ ಶವದ ಪೆಟ್ಟಿಗೆ ಬಂತು.

“ಗೇಟ್ ತೆಗೀರಿ ಭಾವ,” ಎಂದಳು ಲೂರ್ದಮ್ಮ. “ಮಗು ಒಂದೇ ಮಲಗೈತೆ. ಅವ್ರಪ್ಪನ್ನ ಪಕ್ಕಕ್ಕೆ ಮಲಗಿಸ್ಬುಟ್ಟು ಹೊಂಟೋಯ್ತೀನಿ.”

“ಜಾಗ ನಿಮ್ ಸಭೆಯೋರ್ನ ಕೇಳೋಗಮ್ಮ,” ಎಂದ ರಾಯಪ್ಪ, ನೆಲ ನೋಡುತ್ತ.

ಬಿಸಿಲೇರುವವರೆಗೂ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸಭೆಯ ಆರೋಗ್ಯಪ್ಪ ಕಲ್ಲೆತ್ತಿ ಬೀಗ ಜಜ್ಜಿದ. ಗೇಟು ಮುರಿಯಿತು, ಪೆಟ್ಟಿಗೆ ಒಳನುಗ್ಗಿತು, ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದರು.

“ಬೊಂಬೆ ನನ್ಮಕ್ಳಾ!”

“ಚಪ್ಪಾಳೆ ಹೊಡೀತೀರೇನ್ರಲಾ? ಕೈಯೇ ಮುರೀತೀವಿ!”

ಕಲ್ಲು ಒಡೆದು ಪಳಗಿದ ಕೈಗಳು. ಏಟು ಗುರಿ ತಪ್ಪುವುದಿಲ್ಲ. ಒಬ್ಬನ ಹಲ್ಲು ಉದುರಿತು, ಇನ್ನೊಬ್ಬನ ಕಿವಿ ಹರಿದು ಜೋತುಬಿತ್ತು. ರಾಯಪ್ಪ ನನ್ನನ್ನು ಬೀಸಿದ. ಆರೋಗ್ಯಪ್ಪನ ಬಲ ಮುಂಗೈ ಮೂಳೆ ಲಟಕ್ಕೆಂದು ಮುರಿದು, ರಕ್ತ ನನ್ನ ಮೈಗೆ ಮೆತ್ತಿತು. ನೂಕಾಟದಲ್ಲಿ ಪೆಟ್ಟಿಗೆ ಉರುಳಿ ಮುಚ್ಚಳ ಕಳಚಿತು. ಚಿನ್ನಪ್ಪನ ಕೈಯೊಂದು ಹೊರಚಾಚಿ ಮಗಳ ಗೋರಿಯ ಮೇಲೆ ಬಿತ್ತು. ಲೂರ್ದಮ್ಮ ಕಿರುಚಿದಳು. ಯಾರಿಗೂ ಕೇಳಿಸಲಿಲ್ಲ. ರಾಯಪ್ಪ ನನ್ನನ್ನು ಮತ್ತೆ ಎತ್ತಿದ. ಈ ಸಲ ಗುರಿ ಆರೋಗ್ಯಪ್ಪನ ತಲೆ.

ಆಗ ಚರ್ಚಿನಲ್ಲಿ ಹನ್ನೆರಡರ ಗಂಟೆ ಹೊಡೆಯಿತು. ಹೊಡೆಯುವ ಮುದುಕ ಕಿವುಡ. ಜಗಳದ ಸುದ್ದಿಯೇ ಅವನಿಗಿರಲಿಲ್ಲ.

ರಾಯಪ್ಪನ ಹಿಡಿತ ಸಡಿಲವಾಯಿತು. ನಾನು ದೊಪ್ಪನೆ ನೆಲಕ್ಕೆ ಬಿದ್ದೆ. ಅವನ ಕೈ ಹಣೆಗೆ ಹೋಯಿತು. ಸುತ್ತಲೂ ಕಲ್ಲುಗಳು ಬಿದ್ದವು, ದೊಣ್ಣೆಗಳು ಬಿದ್ದವು. ಚರ್ಚಿನವರು ಶಿಲುಬೆಯ ಗುರುತು ಹಾಕಿಕೊಂಡರು, ಸರಿ. ಸಭೆಯವರೂ ಹಾಕಿಕೊಂಡುಬಿಟ್ಟರು! ಬಿಟ್ಟು ವರ್ಷಗಳಾಗಿದ್ದವು, ಕೈಗಳು ಮರೆತಿರಲಿಲ್ಲ. ಆರೋಗ್ಯಪ್ಪ ಮುರಿದ ಕೈ ಎತ್ತಲಾರದೆ ಎಡಗೈಯಿಂದಲೇ ಹಣೆ ಮುಟ್ಟಿದ. ಆಮೇಲೆ ತಾನು ಮಾಡಿದ್ದು ಗೊತ್ತಾಗಿ ಪೆಚ್ಚಾಗಿ ನಿಂತ. ರಕ್ತ ಸೋರುವ ಅಷ್ಟು ಮುಖಗಳಲ್ಲಿ ಯಾರು ಯಾವ ಕಡೆಯವರೆಂದು ನನಗಂತೂ ತಿಳಿಯಲಿಲ್ಲ.

ಲೂರ್ದಮ್ಮ ನನ್ನನ್ನು ಎತ್ತಿಕೊಂಡು ಮಗಳ ಗೋರಿಯ ಪಕ್ಕ ಕುಕ್ಕತೊಡಗಿದಳು. ನೆಲ ಗಟ್ಟಿ, ನಾನು ಭಾರ.

“ಕೊಡವ್ವ ಇಲ್ಲಿ,” ಎಂದ ರಾಯಪ್ಪ. ಆಗ ಅವನಿಗೆ ಅಳು ಬಂತು. ಅಳುತ್ತಲೇ ಅಗೆದ. ಆರೋಗ್ಯಪ್ಪ ಒಂದೇ ಕೈಯಲ್ಲಿ ಮಣ್ಣು ಎಳೆದು ಹಾಕಿದ.

ಗುಂಡಿ ಮುಚ್ಚಿದ ಮೇಲೆ ತಲೆದೆಸೆಗೆ ಏನು ನೆಡಬೇಕೆಂಬ ಮಾತು ಬಂತು. ಶಿಲುಬೆ ನೆಟ್ಟರೆ ಸಭೆಯವರು ಒಪ್ಪರು, ನೆಡದಿದ್ದರೆ ಚರ್ಚಿನವರು ಒಪ್ಪರು. ಮತ್ತೆ ದನಿಗಳು ಏರತೊಡಗಿದವು.

“ನಮ್ನ ತಡ್ಯಾಕೆ ನೀವು ಹಾರೆ ತಂದಿದ್ರಲ್ಲ ಭಾವ, ಅದ್ನೇ ನೆಡಿ,” ಎಂದಳು ಲೂರ್ದಮ್ಮ. “ಎಲ್ಲಾರೂ ನೋಡ್ಲಿ.”

ರಾಯಪ್ಪ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಕುಕ್ಕಿ ನಿಲ್ಲಿಸಿದ. ಅಂದಿನಿಂದ ಇಲ್ಲೇ ಇದ್ದೇನೆ. ನನಗೆ ಅಡ್ಡಪಟ್ಟಿಯಿಲ್ಲ, ಆದ್ದರಿಂದ ಶಿಲುಬೆಯಲ್ಲ. ಬರಿಯ ಕಬ್ಬಿಣವೆಂದು ಕಿತ್ತುಕೊಂಡು ಹೋಗುವ ಧೈರ್ಯವೂ ಯಾರಿಗೂ ಬಂದಿಲ್ಲ. ಮೈಗೆ ತುಕ್ಕು ಹಿಡಿದಿದೆ. ಆರೋಗ್ಯಪ್ಪನ ರಕ್ತ ಎಲ್ಲಿತ್ತೆಂದು ಈಗ ಗುರುತು ಸಿಗುವುದಿಲ್ಲ.

ಮುದುಕನಾದ ರಾಯಪ್ಪ ದಿನವೂ ಬಂದು ಪಕ್ಕದಲ್ಲಿ ಕೂರುತ್ತಾನೆ. ಹೊರಗಿನವರು ಕೆಲವರು ಕೇಳುತ್ತಾರೆ, “ಇದ್ಯಾವ ಕಡೆಯೋರ ಗೋರಿ ತಾತ?”

“ನಮ್ ಚಿನ್ನಪ್ಪಂದು.”

“ಅಲ್ಲ, ಚರ್ಚಿನೋರೋ, ಸಭೆಯೋರೋ?”

ರಾಯಪ್ಪ ಎದ್ದು ನಿಲ್ಲುತ್ತಾನೆ. ಕೇಳಿದವರ ಕೈಹಿಡಿದು ನನ್ನ ಮೇಲಿಡುತ್ತಾನೆ. ಮಧ್ಯಾಹ್ನದ ಬಿಸಿಲಿಗೆ ಕಾದಿರುತ್ತೇನೆ, ಯಾವ ಕಡೆಯ ಕೈಯೆಂದು ನೋಡದೆ ಚುರ್ರೆನ್ನಿಸುತ್ತೇನೆ. ಅವರು ಕೈ ಎಳೆದುಕೊಳ್ಳುತ್ತಾರೆ. ಮತ್ತೆ ಕೇಳುವುದಿಲ್ಲ.