ಬೆಲ್ಲದ ಕಾಫಿ ಕುಡಿದ ಜಾಡಿ

ಕಾಫಿ ಹೂ ಅರಳುವ ವಾರದಲ್ಲಿ ಬಾಳೂರಿನ ಕಡೆ ಯಾರಿಗೂ ಪೂರ್ತಿ ಎಚ್ಚರವಿರುವುದಿಲ್ಲ. ವಾಸನೆ ಹಾಗಿರುತ್ತದೆ. ಗುಡ್ಡದ ಮೈಯೆಲ್ಲ ಬೆಳ್ಳಗೆ, ಅದರ ಮೇಲೆ ಜೇನುನೊಣಗಳ ಗುಂಯ್ಗುಡುವಿಕೆ; ದಾರಿಯಲ್ಲಿ ಹೋಗುವ ಜೀಪಿನ ಸದ್ದು ಕೂಡ ಹತ್ತಿಯೊಳಗಿಂದ ಬಂದಂತೆ ಕೇಳುತ್ತದೆ. ಈ ದಿನಗಳಲ್ಲಿ ಸಿದ್ದಗಂಗಮ್ಮನ ಕೈಯಿಂದ ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಇಲ್ಲವೇ ಬೀಳದೇ ಇರುವುದು ಪ್ರತಿ ವರ್ಷ ಇದ್ದದ್ದೇ. ಮನೆಯವರು ಉಣ್ಣುತ್ತಾರೆ, ಏನೂ ಹೇಳುವುದಿಲ್ಲ.

ಈ ಸಲ ಅಡುಗೆಮನೆಯಲ್ಲಿ ಹೂವಿನ ಜೊತೆ ಇನ್ನೊಂದು ವಾಸನೆಯೂ ಇತ್ತು. ಕಿಟಕಿಯ ಹಲಗೆಯ ಮೇಲೆ ಸೊಸೆ ನಾಗಶ್ರೀ ಬಿಟ್ಟುಹೋದ ಗಾಜಿನ ಜಾಡಿ. ಬಾಯಿಗೆ ಬಿಳಿ ಬಟ್ಟೆ, ಬಟ್ಟೆಗೊಂದು ರಬ್ಬರ್ ಬ್ಯಾಂಡ್. ಒಳಗೆ ಜೇನಿನ ಬಣ್ಣದ ಚಹಾ, ಅದರ ಮೇಲೆ ತೇಲುವ, ದೋಸೆಯಂಥ ಒಂದು ಲೋಳೆ ಬಿಲ್ಲೆ. ಕೊಂಬುಚಾ ಅಂತೆ. ಸಿಹಿ ಚಹಾವನ್ನು ಆ ಬಿಲ್ಲೆ ನಿಧಾನಕ್ಕೆ ಹುಳಿಯಾಗಿಸುತ್ತದಂತೆ, ಕುಡಿದರೆ ಹೊಟ್ಟೆಗೆ ಒಳ್ಳೆಯದಂತೆ. ಕಳಸದಲ್ಲಿ ಹೋಂಸ್ಟೇ ಇಟ್ಟುಕೊಂಡಿರುವ ಗೆಳತಿ ವರ್ಷಿಣಿ ಕೊಟ್ಟದ್ದನ್ನು ನಾಗಶ್ರೀ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು.

ಅದರ ಮೇಲೆ ಮಾತು ಬಂದದ್ದು ಮಠದ ಅಯ್ಯನವರು ಬಂದ ಸೋಮವಾರ. ಪೂಜೆ ಮುಗಿಸಿ ಜಗಲಿಯಲ್ಲಿ ಕುಳಿತವರಿಗೆ ನಾಗಶ್ರೀ ಹಿಗ್ಗಿನಿಂದ ಒಂದು ಲೋಟ ತಂದಳು. ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು.

"ಇದೇನಮ್ಮ?" ಎಂದರು.

ಅವಳು ಬಾಯಿ ತೆರೆಯುವ ಮೊದಲೇ ಸಿದ್ದಗಂಗಮ್ಮ, "ಬೇಡಿ ಬುದ್ಧಿ, ಹೆಂಡದ ಥರದ್ದು ಅದು. ನಮ್ಮನೇಲಿ ಯಾರೂ ಮುಟ್ಟಲ್ಲ" ಅಂದುಬಿಟ್ಟಳು.

ಅಯ್ಯನವರು ನಕ್ಕು ಮಜ್ಜಿಗೆ ಕೇಳಿದರು. ನಾಗಶ್ರೀ ನಗಲಿಲ್ಲ. ಕೆಲವೇ ದಿನಕ್ಕೆ ತಾಯಿಯ ಕಣ್ಣಿನ ಆಪರೇಷನ್ ಎಂದು ಗೋಣಿಬೀಡಿನ ತವರಿಗೆ ಹೊರಟಾಗ ಗಂಡ ಶಶಿಧರನಿಗೆ ಹೇಳಿದಳು, ಅತ್ತೆಗೆ ಕೇಳಲೆಂದೇ ಸ್ವಲ್ಪ ಗಟ್ಟಿಯಾಗಿ: "ಅದನ್ನ ಯಾರೂ ನೋಡ್ಕೊಳ್ಳೋದು ಬೇಡ. ಸತ್ರೆ ಸಾಯ್ಲಿ. ಬೇಕಾದವ್ರು ಯಾರಿದಾರೆ ಇಲ್ಲಿ?"

ಆ ಕೊನೆಯ ಮಾತು ಜಾಡಿಯ ವಿಷಯಕ್ಕೆ ಹೇಳಿದ್ದಲ್ಲ ಎಂದು ಸಿದ್ದಗಂಗಮ್ಮನಿಗೆ ಗೊತ್ತಾಗಿತ್ತು. ಫೋನು ಬರುತ್ತಿತ್ತು, ಮಗನಿಗೆ ಮಾತ್ರ. ಯಾವಾಗ ಬರುತ್ತಾಳೆ ಎಂದು ಕೇಳಿದರೆ ಅವನು "ಬರ್ತಾಳೆ ಬಿಡಮ್ಮ" ಎಂದು ಹಿಂದಿನ ತೋಟಕ್ಕೆ, ಸ್ಪ್ರಿಂಕ್ಲರ್ ಪೈಪಿನ ಹಿಂದೆ ಹೋಗುತ್ತಿದ್ದ.

ಮೊದಲು ಅವಳು ಜಾಡಿಯ ಕಡೆ ನೋಡಲೇ ಇಲ್ಲ. ಪಾತ್ರೆ ತೆಗೆಯುವಾಗ ಮುಖ ತಿರುಗಿಸುತ್ತಿದ್ದಳು. ಆದರೆ ಕಿಟಕಿಯ ಬಿಸಿಲು ಜಾಡಿಯನ್ನು ಹಾದು ಬಂದು ನೆಲದ ಮೇಲೆ ಒಂದು ಹಳದಿ ಮಡುವನ್ನು ಮಾಡುತ್ತಿತ್ತು. ಆ ಮಡು ದಿನದಿನಕ್ಕೆ ಸಣ್ಣದಾಗುವುದು ಕಾಣದಿರಲು ಸಾಧ್ಯವಿರಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಸರಿಸಿ ಮೂಸಿದಳು. ಮೂಗಿಗೆ ಹೊಡೆಯುವ ಹುಳಿ. ಈ ಹುಳಿ ಅವಳಿಗೆ ಗೊತ್ತು. ಹಾಲು ಕಾಣದೆ ಉಳಿದ ಹೆಪ್ಪು ಹೀಗೇ ಆಗುವುದು.

"ಹಸಿದಿದೆ ಇದು" ಎಂದಳು, ಯಾರಿಗೂ ಅಲ್ಲ.

ಚಹಾ ಕುಡಿಯುತ್ತಿದ್ದವಳು ಆ ಮನೆಯಲ್ಲಿ ನಾಗಶ್ರೀ ಒಬ್ಬಳೇ. ಅವಳ ಚಾಪುಡಿ ಡಬ್ಬ ಬರಿದಾಗಿತ್ತು. ಕೊಟ್ಟಿಗೆಹಾರದಿಂದ ತರಿಸೋಣವೆಂದರೆ ಮಗ ಮನೆಗೆ ಬರುವುದೇ ಸಂಜೆ. ಹಸಿದದ್ದನ್ನು ಸಂಜೆಯವರೆಗೆ ಕಾಯಿಸುವುದೇ? ಆ ಮನೆಗೆ ಯಾರೇ ಹಸಿದು ಬಂದರೂ ಮೊದಲು ಸಿಗುವುದು ಬೆಲ್ಲದ ಕಾಫಿ. ಸಿದ್ದಗಂಗಮ್ಮ ಒಲೆ ಹಚ್ಚಿದಳು. ಹಾಲಿಲ್ಲದ ಕಾಫಿ, ಕೈತುಂಬ ಬೆಲ್ಲ. ಸೋಸಿ, ಆರಿಸಿ, ಹೆಪ್ಪು ಹಾಕುವ ಹಾಲಿಗೆ ನೋಡುವಂತೆ ಬೆರಳದ್ದಿ ನೋಡಿದಳು. ಹಳೆಯ ಹುಳಿಯಲ್ಲಿ ಸ್ವಲ್ಪ ಉಳಿಸಿಕೊಂಡು ಮಿಕ್ಕದ್ದನ್ನು ಚೆಲ್ಲಿ, ಕಾಫಿಯನ್ನು ನಿಧಾನಕ್ಕೆ ಸುರಿದಳು.

ಬಿಲ್ಲೆ ಒಂದು ಸುತ್ತು ತಿರುಗಿ, ಕಲ್ಲಿನಂತೆ ತಳಕ್ಕೆ ಹೋಯಿತು.

ಸಂಜೆಯವರೆಗೂ ಅದು ಮೇಲೇಳಲಿಲ್ಲ. ಅವಳು ದೀಪ ಹಚ್ಚಿ ಬಂದು ಮತ್ತೆ ಜಾಡಿಯ ಮುಂದೆ ನಿಂತದ್ದನ್ನು ಗಂಡ ಜಯದೇವಪ್ಪ ಬಾಗಿಲಲ್ಲಿ ನಿಂತು ನೋಡಿದ.

"ಚಾ ಕುಡಿಯೋದಕ್ಕೆ ಕಾಫಿ ಕುಡಿಸಿ ಕೊಂದ್ಯಲ್ಲೇ ಮಾರಾಯ್ತಿ!"

"ಸುಮ್ನಿರಿ."

"ಕೊಡು, ಗೊಬ್ಬರದ ಗುಂಡಿಗೆ ಹಾಕಿ ಬರ್ತೀನಿ. ನೀರಾಗಿ ಹೋಯ್ತು ಅಂತ ಹೇಳಿದ್ರಾಯ್ತು ಅವಳಿಗೆ."

ಸಿದ್ದಗಂಗಮ್ಮ ಜಾಡಿಗೆ ಅಡ್ಡ ನಿಂತಳು. "ದೀಪ ಹಚ್ಚಿ ಆಗಿದೆ. ಈ ಹೊತ್ತಲ್ಲಿ ಯಾರಾದ್ರೂ ಹೆಪ್ಪು ಮನೆಯಿಂದ ಆಚೆ ಹಾಕ್ತಾರಾ?"

"ಅದು ಹೆಪ್ಪಾ?"

ಅವಳು ಜಾಡಿಯ ಬಟ್ಟೆಯನ್ನು ಎಳೆದು ಸರಿಮಾಡಿದಳು. "ಮತ್ತಿನ್ನೇನು?" ಎಂದಳು.

"ಹಾಗಾದ್ರೆ ಒಂದಿಷ್ಟು ವಿಭೂತಿನೂ ಹಚ್ಚಿಬಿಡು" ಎಂದು ಜಯದೇವಪ್ಪ ನಗುತ್ತ ಹೋದ.

ಮರುದಿನ ಬೆಳಕು ಹರಿದ ಮೇಲೂ ಅವಳು ಅದನ್ನು ಚೆಲ್ಲಲಿಲ್ಲ. ಮಧ್ಯಾಹ್ನ ಅಡುಗೆಮನೆಯ ಗೋಡೆಗೇ ಒರಗಿ ಕಣ್ಣು ಮುಚ್ಚಿದಳು. ಹೂವಿನ ವಾಸನೆ ಬಂದು ಮೈಮೇಲೆ ಕಂಬಳಿಯಂತೆ ಬಿತ್ತು. ಅವಳು ಹೊಸ ಸೀರೆಯಲ್ಲಿದ್ದಳು, ಬಸ್ಸಿನಲ್ಲಿದ್ದಳು, ಮಡಿಲಲ್ಲಿ ಬಾಳೆಎಲೆ ಮುಚ್ಚಿದ ಗಿಂಡಿ. ಗಿಂಡಿಯಲ್ಲಿ ಅವ್ವ ಕೊಟ್ಟ ತವರಿನ ಹೆಪ್ಪು. ಪ್ರತಿ ತಿರುವಿಗೂ ಅದು ತುಳುಕುತ್ತಿತ್ತು, ಅವಳು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಇಳಿದರೆ ಅತ್ತೆ ಅಂಗಳದಲ್ಲೇ ನಿಂತಿದ್ದರು. "ನಮ್ಮನೇಲೇನು ಹೆಪ್ಪಿಲ್ವಾ?" ಎಂದು ಗಿಂಡಿ ಇಸಿದುಕೊಂಡು ಕಾಫಿ ಗಿಡದ ಬುಡಕ್ಕೆ ಸುರಿದರು. ಅಷ್ಟು ನಡೆದದ್ದೇ, ಹಿಂದೊಮ್ಮೆ. ಕನಸಿನಲ್ಲಿ ಮುಂದೆಯೂ ಇತ್ತು: ಆ ಗಿಡ ಅವಳು ನೋಡುತ್ತಿದ್ದಂತೆ ಬುಡದಿಂದ ತುದಿಯವರೆಗೆ ಹೂ ಬಿಟ್ಟಿತು, ಬಗ್ಗಿ ಮೂಸಿದರೆ ಹೂವೆಲ್ಲ ಅವ್ವನ ಮೊಸರಿನ ವಾಸನೆ.

ಎದ್ದಾಗ ಕೆನ್ನೆ ಒದ್ದೆಯಾಗಿತ್ತು. ಬೆವರಿರಬೇಕು ಅಂದುಕೊಂಡಳು.

ಆಮೇಲಿನ ದಿನಗಳಲ್ಲಿ ಜಾಡಿಗೆ ಸೆಖೆಯಾದರೆ ಒಳಗೆ ಸರಿಸಿದಳು, ಥಂಡಿಯಾದರೆ ಒಲೆಯ ಹತ್ತಿರ ತಂದಳು. ದಿನಕ್ಕೊಮ್ಮೆ ಬಟ್ಟೆ ತೆಗೆದು ನೋಡಿದಳು. ಗುಡ್ಡದ ಹೂ ಕಂದಿ, ಟೀ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತು. ಜೇನುನೊಣಗಳು ಬೇರೆ ತೋಟಕ್ಕೆ ಹೋದವು. ಆ ನಿಶ್ಶಬ್ದದಲ್ಲಿ ಒಂದು ಬೆಳಿಗ್ಗೆ ಕಂಡಿತು: ಕಪ್ಪು ಕಾಫಿಯ ಮೇಲೆ, ಆರುತ್ತಿರುವ ಹಾಲಿಗೆ ಕಟ್ಟುವಂಥ, ಊದಿದರೆ ಹರಿಯುವಷ್ಟು ತೆಳುವಾದ ಪೊರೆ. ಅವಳು ಉಸಿರು ಹಿಡಿದುಕೊಂಡೇ ಬಟ್ಟೆ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಆ ಪೊರೆ ಗಟ್ಟಿಯಾಗುವ ಹೊತ್ತಿಗೆ ನಾಗಶ್ರೀ ಬಂದಳು. ಅಮ್ಮನ ಕಣ್ಣು ಚೆನ್ನಾಗಾಯ್ತು ಅಂದಳು, ಚೀಲ ಇಟ್ಟಳು, ನೀರು ಕುಡಿದಳು. ಕಿಟಕಿಯ ಕಡೆ ನೋಡಲಿಲ್ಲ. ಬಟ್ಟೆ ತೆಗೆದ ಜಾಡಿಯ ಮುಂದೆ ಸಿದ್ದಗಂಗಮ್ಮ ಸುಮ್ಮನೆ ನಿಂತಿದ್ದಳು, ಸರಿಯಲೂ ಇಲ್ಲ. ಕೊನೆಗೆ ಸೊಸೆ ತಿರುಗಲೇಬೇಕಾಯಿತು.

"ಇದೇನತ್ತೆ, ಇಷ್ಟು ಕಪ್ಪಗೆ?"

"ಕಾಫಿ."

"ಕಾಫಿ ಹಾಕಿದ್ರಾ ಇದಕ್ಕೆ?"

"ನಿನ್ನ ಚಾಪುಡಿ ಡಬ್ಬದಲ್ಲಿ ಏನಿತ್ತು ಮಣ್ಣು? ಹಸಿದಿತ್ತು, ಹಾಕಿದೆ."

"ಸಕ್ಕರೆ?"

"ಬೆಲ್ಲ."

ನಾಗಶ್ರೀ ಹತ್ತಿರ ಬಂದು ಬಗ್ಗಿ ನೋಡಿದಳು. ಬೆರಳ ತುದಿಯಿಂದ ಹೊಸ ಬಿಲ್ಲೆಯನ್ನು ಮುಟ್ಟಿದಳು. ಅದು ಮುಳುಗಿ ಮತ್ತೆ ತೇಲಿತು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಸಿದ್ದಗಂಗಮ್ಮ ಹೆದರಿದಳು. ನಗುತ್ತಿದ್ದಳು. ಅಲ್ಲೇ ನೆಲದ ಮೇಲೆ ಕೂತುಕೊಂಡು ನಕ್ಕಳು.

"ಸತ್ತಿಲ್ಲ ಅತ್ತೆ ಇದು!"

"ಸಾಯಕ್ಕೆ ಬಿಡ್ತಾರಾ?"

ನಾಗಶ್ರೀ ಎದ್ದು ಎರಡು ಲೋಟಕ್ಕೆ ಬಗ್ಗಿಸಿದಳು. ಸಿದ್ದಗಂಗಮ್ಮ ಮೊದಲ ಸಲ ಅದನ್ನು ಬಾಯಿಗಿಟ್ಟಳು. ಹುಳಿ, ಹಿಂದೆಯೇ ಬೆಲ್ಲ, ಮೂಗಿನೊಳಗೆ ಚುರುಕ್.

"ಹೆಂಡದ ಥರ ಇದೆಯಾ ಅತ್ತೆ?" ನಾಗಶ್ರೀ ಲೋಟದ ಮೇಲಿಂದ ನೋಡುತ್ತ ಕೇಳಿದಳು.

"ನಾನೇನು ಹೆಂಡ ಕುಡಿದು ನೋಡಿದೀನಾ?" ಎಂದಳು. ಆಮೇಲೆ ಲೋಟ ಕೆಳಗಿಟ್ಟು, "ಸೋಮವಾರ ಅಯ್ಯನವ್ರು ಬರ್ತಾರೆ. ಒಂದು ಲೋಟ ಎತ್ತಿಡು. ಇದೇನಮ್ಮ ಅಂತ ಕೇಳಿದ್ರೆ ಈ ಸಲ ನಾನೇ ಹೇಳ್ತೀನಿ."

"ಏನಂತ?"

"ನಮ್ಮನೆ ಸೊಸೆ ತಂದ ಹೆಪ್ಪು ಅಂತ."

ನಾಗಶ್ರೀ ಜಾಡಿಯ ಬಾಯಿಗೆ ಬಟ್ಟೆ ಹೊದಿಸಿ ರಬ್ಬರ್ ಬ್ಯಾಂಡಿಗಾಗಿ ಕಿಟಕಿಯ ಹಲಗೆಯೆಲ್ಲ ತಡಕಿದಳು. ಅದು ಸಿದ್ದಗಂಗಮ್ಮನ ಕೈಯಲ್ಲಿ, ಬಳೆಗಳ ಜೊತೆ ಸೇರಿಕೊಂಡಿತ್ತು.