ಹೊತ್ತು ಮುಳುಗಿದ ಮೇಲಿನ ಊಟ

ಪದ್ಮರಾಜಯ್ಯನವರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಒಲೆ ಆರಬೇಕು, ಎಂಜಲು ಪಾತ್ರೆ ತೊಳೆದಿರಬೇಕು. ಚನ್ನರಾಯಪಟ್ಟಣದ ಬೇರೆ ಜೈನರ ಮನೆಗಳಲ್ಲಿ ಮಕ್ಕಳು ಕಾಲೇಜು, ಕೆಲಸ ಅಂತ ತಿರುಗತೊಡಗಿದ ಮೇಲೆ ಈ ಕಟ್ಟು ಅಷ್ಟಿಷ್ಟು ಸಡಿಲವಾಗಿತ್ತು. ಇವರ ಮನೆಯಲ್ಲಿ ಆಗಿರಲಿಲ್ಲ. ಪದ್ಮರಾಜಯ್ಯನವರು ಪಾತ್ರೆ ಅಂಗಡಿಯನ್ನು ಕೆಲಸದವನಿಗೆ ಒಪ್ಪಿಸಿ ಐದಕ್ಕೇ ಬಂದು ಉಂಡು, ಬಸದಿಗೆ ಹೋದರೆ ಎಂಟರ ಮೇಲೆ ಬರುವುದು. ಅವರ ಹೆಂಡತಿ ಮರುದೇವಿ ಮದುವೆಯಾಗಿ ಬಂದಾಗಿನಿಂದ ದೀಪದ ಬೆಳಕಿನಲ್ಲಿ ಅನ್ನ ಕಂಡವಳಲ್ಲ.

ಅಂಥವಳಿಗೆ ಕಷ್ಟ ಬಂದದ್ದು ಮಗನ ಎದೆಯಿಂದ.

ಮಗನ ಹೆಸರು ಭುಜಬಲಿ. ಪೊಲೀಸ್ ಕೆಲಸಕ್ಕೆಂದು ಹಾಸನದ ಮೈದಾನಕ್ಕೆ ಹೋದಾಗ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದ. ಎದೆಗೆ ಟೇಪು ಸುತ್ತಿದಾಗ ಎರಡು ಬೆರಳು ಕಮ್ಮಿ ಬಿತ್ತು. ಅಳೆಯುವವನು ಹೆಸರು ಓದಿ, ಮತ್ತೆ ಎದೆ ನೋಡಿ ನಕ್ಕನಂತೆ, ಸಾಲಿನಲ್ಲಿದ್ದವರೂ ನಕ್ಕರಂತೆ. ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಉಳಿದದ್ದು ಮುಂದಿನ ವರ್ಷದ ಒಂದೇ ಅವಕಾಶ.

ಮರುದೇವಿ ಸುಮ್ಮನೆ ಕೂರಲಿಲ್ಲ. ಅನ್ನದ ಮೇಲೆ ತುಪ್ಪ ಸುರಿದಳು, ಹೋಳಿಗೆ ಮಾಡಿದಳು, ರವೆ ಉಂಡೆ ಕಟ್ಟಿದಳು. ಮೂರು ತಿಂಗಳಿಗೆ ಭುಜಬಲಿಗೆ ಪುಟ್ಟದೊಂದು ಹೊಟ್ಟೆ ಬಂತು. ಎದೆ ಹಾಗೇ ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ನಿಜ, ಟೇಪು ಹಿಡಿದವನಿಗೆ ಮುದ್ದಾಗಬೇಕಲ್ಲ!

ಕೊನೆಗೆ ಅವನು ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟರಾಜುವಿನ ಜಿಮ್ಮಿಗೆ ಸೇರಿದ. ಹಾಸನದ ಮೋಟಾರು ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ. ಬೆಳಗ್ಗೆ ಮೊದಲ ಬಸ್ಸಿಗೆ ಹೋದವನು ಬರುವುದೇ ಸಂಜೆ. ಜಿಮ್ಮಿನಿಂದ ಹೊರಬೀಳುವಾಗ ಕತ್ತಲೆ. ಅಂದರೆ ಮೈ ದಣಿದಾಗ ಹೊಟ್ಟೆಗೆ ಬರೀ ನೀರು. ಹೀಗೇ ಸ್ವಲ್ಪ ದಿನ ನಡೆಯಿತು. ಒಂದು ದಿನ ಪುಟ್ಟರಾಜುವೇ ಮನೆ ಬಾಗಿಲಿಗೆ ಬಂದು ನಿಂತ.

"ಅಮ್ಮಾರೇ, ನಿಮ್ ಉಡ್ಗ ಕಬ್ಣ ಎತ್ತಿ ಎತ್ತಿ ಇರೋ ಮಾಂಸನೂ ಕರಗುಸ್ಕೊತಾವ್ನೆ. ಮೊಟ್ಟೆ ಬ್ಯಾಡ ಅಂದ್ರೆ ಬ್ಯಾಡ, ನಿಮ್ ಜಾತಿ ನಂಗೊತ್ತು. ಕಡ್ಲೆಕಾಳು, ಉಳ್ಳಿಕಾಳು, ಒಂದ್ ಲೋಟ ಆಲು, ಮುದ್ದೆ, ಇಷ್ಟೇ ಸಾಕು. ಆದ್ರೆ ಕಸರತ್ ಮುಗ್ದೇಟ್ಗೆ ಒಟ್ಟೆಗೆ ಬೀಳ್ಬೇಕು. ಬೆಳಿಗ್ಗೆ ಉಣ್ತೀನಿ ಅಂದ್ರೆ ಆಗಕ್ಕಿಲ್ಲ. ಇಂಗೇ ಆದ್ರೆ ಈ ವರ್ಷನೂ ವಾಪಸ್ ಬತ್ತಾನೆ ಕಣ್ರಮ್ಮ."

ಅಂದು ಸಂಜೆ ಒಲೆ ಆರುವ ಮುಂಚೆ ಮರುದೇವಿ ಎರಡು ಮುದ್ದೆ, ಹುರುಳಿಕಾಳಿನ ಸಾರು, ಬೇಯಿಸಿದ ಕಡಲೆಯನ್ನು ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ ಹಿತ್ತಲ ಜಗಲಿಯ ಮೂಲೆಯಲ್ಲಿಟ್ಟಳು. ಗಂಡ ಬಸದಿಯಲ್ಲಿದ್ದ ಹೊತ್ತಿನಲ್ಲಿ ಮಗ ಹಿಂಬಾಗಿಲಿನಿಂದ ಬಂದು ಕತ್ತಲಲ್ಲೇ ಉಂಡ. ಹಸಿದವನು ಬಕಬಕ ತಿನ್ನುವ ಸದ್ದು ಕೇಳಿ ಅವಳಿಗೆ ಸಂತೋಷವಾಯಿತು. ಮರುಗಳಿಗೆಗೆ ಭಯವೂ ಆಯಿತು.

ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಮೂರೂ ಒಂದೇ ಎಂದು ಮುನಿಗಳು ಪ್ರವಚನದಲ್ಲಿ ಹೇಳಿದ್ದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಉಂಡವನು ಮಗ, ಉಣಿಸಿದವಳು ತಾನು. ಮಾರನೆಯ ದಿನ ಬಸದಿಯಲ್ಲಿ ತೀರ್ಥಂಕರರ ಮುಂದೆ ನಿಂತು ಸಂಕಲ್ಪ ಮಾಡಿದಳು: ಮಗ ಹೊತ್ತು ಮುಳುಗಿದ ಮೇಲೆ ಉಂಡ ದಿನ ತಾನು ಸಂಜೆ ಉಣ್ಣುವುದಿಲ್ಲ. ಯಾರಿಗೂ ಹೇಳಲಿಲ್ಲ. ಪರೀಕ್ಷೆ ಮುಗಿಯುವ ತನಕ ತಾನೆ, ಎಂದುಕೊಂಡಳು. ಬುದ್ಧಿವಂತೆಯೇ, ಆದರೆ ಸಂಕಲ್ಪದ ಮಾತಿನಲ್ಲೇ ಆ ಗಡುವನ್ನು ಹೇಳಬೇಕೆಂದು ಅವತ್ತು ಹೊಳೆಯಲಿಲ್ಲ.

ತಿಂಗಳುಗಳು ಕಳೆದವು. ಭುಜಬಲಿಯ ಅಂಗಿ ಭುಜದ ಹತ್ತಿರ ಬಿಗಿಯಾಯಿತು. ಮರುದೇವಿಯ ಕುಪ್ಪಸ ಸಡಿಲವಾಯಿತು, ಅವಳು ಒಳಗಿಂದ ಹೊಲಿಗೆ ಹಾಕಿಕೊಂಡಳು. ಪದ್ಮರಾಜಯ್ಯನವರು ಅವಳು ಸಂಜೆ ಎಲೆ ಹಾಕಿಕೊಳ್ಳದಿರುವುದನ್ನು ಗಮನಿಸದೆ ಇರಲಿಲ್ಲ. ವ್ರತ ಹಿಡಿದಿದ್ದಾಳೆ ಅಂದುಕೊಂಡರು. ಬಸದಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡು ಹೆಮ್ಮೆಯನ್ನೂ ಪಟ್ಟರು. ಮನೆಯಲ್ಲಿ ಒಬ್ಬಳು ಕರಗುತ್ತಿದ್ದರೆ ಅದನ್ನು ಪುಣ್ಯ ಎಂದುಕೊಳ್ಳುವುದು ಎಷ್ಟು ಸುಲಭ!

ಎರಡನೆಯ ಸಲ ಹಾಸನದ ಮೈದಾನದಲ್ಲಿ ಟೇಪು ಸುತ್ತಿದವನು ನಗಲಿಲ್ಲ. ಭುಜಬಲಿ ಪಾಸಾದ. ಬಸ್ಸಿಳಿದು ಓಡಿಬಂದವನು "ಅಮ್ಮಾ!" ಎಂದು ಕೂಗಿ, ನೀರು ತರುತ್ತಿದ್ದ ತಾಯಿಯನ್ನು ಬಿಂದಿಗೆ ಸಮೇತ ಎರಡೂ ಕೈಯಲ್ಲಿ ಎತ್ತಿಬಿಟ್ಟ.

ಎತ್ತಿದವನ ನಗು ಅಲ್ಲೇ ನಿಂತಿತು. ವರ್ಷವಿಡೀ ಭಾರ ಎತ್ತಿದ ಕೈ ಅದು, ತೂಕ ಏನೆಂದು ಅದಕ್ಕೆ ಗೊತ್ತಿತ್ತು. ಬಿಂದಿಗೆಯೇ ಭಾರವಾಗಿತ್ತು, ತಾಯಿ ಆಗಿರಲಿಲ್ಲ.

"ಅಮ್ಮ, ಏನಾಗಿದೆ ನಿಂಗೆ?" ಎಂದ, ಮೆಲ್ಲಗೆ ಇಳಿಸಿ.

"ಏನಿಲ್ಲ ಕಣಪ್ಪ."

ಅವನು ಬಿಡಲಿಲ್ಲ. ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ರೋಗವೇನೂ ಸಿಗಲಿಲ್ಲ. ಮೈಯಲ್ಲಿ ಮಾಂಸಖಂಡವೇ ಉಳಿದಿಲ್ಲ, ತೂಕ ಹೆಚ್ಚಬೇಕು, ಕಾಳು, ಹಾಲು, ಮುದ್ದೆ ಚೆನ್ನಾಗಿ ತಿನ್ನಲಿ, ಸಂಜೆ ಊಟ ಬಿಡಲೇಬಾರದು ಎಂದರು ಡಾಕ್ಟರು. ಹೆಚ್ಚುಕಮ್ಮಿ ಪುಟ್ಟರಾಜು ಹೇಳಿದ್ದೇ. ವಾಪಸ್ ಬರುವ ಬಸ್ಸಿನಲ್ಲಿ ಮರುದೇವಿ ಎಲ್ಲವನ್ನೂ ಹೇಳಿದಳು.

ಮನೆಯಲ್ಲಿ ಪದ್ಮರಾಜಯ್ಯನವರು ಕೇಳಿ ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಸುತ್ತ ಕೂತರು. ಆಮೇಲೆ, "ಒಬ್ಬರ ಕರ್ಮನ ಇನ್ನೊಬ್ಬರು ಕಳೆಯೋಕಾಗಲ್ಲ ಕಣೆ," ಎಂದರು.

"ಬಡಿಸಿದವಳು ನಾನೇ ಅಲ್ವ? ಅದು ನನ್ನ ಕರ್ಮವೇ. ಸಂಕಲ್ಪ ಮಾಡಿದ್ದೀನಿ, ಬಿಡೋಕಾಗಲ್ಲ." ಆಮೇಲೆ ಮಗನ ಕಡೆ ತಿರುಗಿ ಕೇಳಿದಳು, "ಟ್ರೈನಿಂಗಲ್ಲಿ ರಾತ್ರಿ ಊಟ ಎಷ್ಟೊತ್ಗಪ್ಪ?"

"ಎಂಟಕ್ಕೆ," ಎಂದವನು ತಾನೇ ಬೆಚ್ಚಿದ. ಟ್ರೈನಿಂಗಾದ ಮೇಲೆ ಡ್ಯೂಟಿ. ಡ್ಯೂಟಿಯಲ್ಲಿ ಊಟಕ್ಕೆ ಹೊತ್ತು ಗೊತ್ತೇ? ಪರೀಕ್ಷೆ ಮುಗಿದಿತ್ತು, ಸಂಕಲ್ಪ ಮುಗಿದಿರಲಿಲ್ಲ. "ನಾನು ಈ ಕೆಲಸಕ್ಕೆ ಹೋಗಲ್ಲ," ಎಂದ.

"ಹೋಗ್ದೆ ಇದ್ರೆ ನಾನು ಇಷ್ಟು ದಿನ ಹಸ್ಕೊಂಡಿದ್ದು ಯಾತಕ್ಕೋ?" ಮರುದೇವಿ ಮೊದಲ ಸಲ ಗದರಿದಳು. ಗದರುತ್ತಲೇ ಅತ್ತಳು.

ಕೊನೆಗೆ ಅವನೇ ಒಂದು ದಾರಿ ಹುಡುಕಿದ. ಟ್ರೈನಿಂಗಲ್ಲಿ ಸಾಹೇಬರನ್ನು ಕೇಳಿಕೊಂಡು ಹೊತ್ತು ಮುಳುಗುವ ಮುಂಚೆಯೇ ಉಣ್ಣುತ್ತೇನೆ, ದಿನಾ ಫೋನು ಮಾಡಿ ಹೇಳುತ್ತೇನೆ, ಹೇಳಿದ ದಿನ ನೀನೂ ಉಣ್ಣಬೇಕು ಎಂದ. ಅವಳು ಒಪ್ಪಿದಳು.

ಅವನು ಟ್ರೈನಿಂಗಿಗೆ ಹೋದ ಮೇಲೆ ದಿನಾ ಸಂಜೆ ಐದೂವರೆಗೆ ಕಾಯಿನ್ ಬಾಕ್ಸಿನಿಂದ ಫೋನು ಬರುತ್ತಿತ್ತು. "ಉಂಡೆ ಕಣಮ್ಮ, ನೀನೂ ಉಣ್ಣು." ಇಷ್ಟೇ ಮಾತು. ಮರುದೇವಿ ಫೋನಿಟ್ಟು ಎಲೆ ಹಾಕಿಕೊಳ್ಳುವಳು. ಕೆನ್ನೆಯಲ್ಲಿ ಸ್ವಲ್ಪ ಜೀವ ಬಂತು. ಕುಪ್ಪಸದ ಹೊಲಿಗೆ ಒಂದನ್ನು ಬಿಚ್ಚಿದಳು.

ಒಂದು ಸಂಜೆ ಫೋನು ಬಂದಾಗ ಅವಳು, "ಏನು ಹಾಕಿದ್ರೋ ಇವತ್ತು?" ಎಂದು ಕೇಳಿದಳು.

"ಮುದ್ದೆ, ಸೊಪ್ಪಿನ ಸಾರು. ಹೊಟ್ಟೆ ಬಿರಿಯ ಉಂಡೆ."

ಅದೇ ಹೊತ್ತಿಗೆ ಅವನ ಹಿಂದೆ ಯಾರೋ ಕೂಗಿದರು: "ಲೇ ಭುಜಬಲಿ, ಬಾರ್ಲಾ ಪರೇಡ್ಗೆ! ನೆನ್ನೆ ತರ ಒಟ್ಟೆ ಅಸೀತದೆ ಅಂತ ಸೊರಗ್ಬ್ಯಾಡ, ಎಂಟ್ ಗಂಟೆಗಂಟ ಏನೂ ಸಿಗಾಕಿಲ್ಲ!"

ಇಷ್ಟು ದಿನ ತಾನು ಉಂಡದ್ದೆಲ್ಲ ಮಗನ ಸುಳ್ಳಿನ ಮೇಲೆ ಎಂದು ಮರುದೇವಿಗೆ ತಿಳಿಯಿತು. ಹಸಿದ ಹೊಟ್ಟೆಯಲ್ಲಿ ನಿಂತು, ಉಂಡೆ ಎಂದು ಹೇಳಲು ಕಾಸು ಹಾಕಿ ಫೋನು ಮಾಡುತ್ತಿದ್ದನಲ್ಲ, ಇವನ ಮೇಲೆ ಸಿಟ್ಟು ಮಾಡುವುದು ಹೇಗೆ?

"ಅಮ್ಮಾ..." ಎಂದ ಅವನು.

"ಎಂಟು ಗಂಟೆಗೆ ಬಡಿಸುವಾಗ ನಾಚ್ಕೋಬೇಡ," ಎಂದಳು ಮರುದೇವಿ. "ಇನ್ನೊಂದು ಮುದ್ದೆ ಕೇಳಿ ಹಾಕಿಸ್ಕೋ."

"ನೀನು?"

"ಹೊತ್ತಿನ್ನೂ ಇದೆ. ಉಣ್ತೀನಿ."

ಫೋನಿಟ್ಟು ಎಲೆಯ ಮುಂದೆ ಕೂತಳು. ಹಿತ್ತಲ ಬಾಗಿಲಿನಿಂದ ಬಿಸಿಲು ಇನ್ನೂ ಒಳಗೆ ಬೀಳುತ್ತಿತ್ತು. ಬಸದಿಗೆ ಹೊರಟಿದ್ದ ಪದ್ಮರಾಜಯ್ಯನವರು ಹೊಸ್ತಿಲಲ್ಲಿ ನಿಂತು ಅವಳ ಮುಖವನ್ನೇ ನೋಡಿದರು.

"ಮಗ ಉಂಡನಂತಾ?"

ಸುಳ್ಳಾಡಿ ಅಭ್ಯಾಸವಿಲ್ಲದ ನಾಲಿಗೆ ಒಂದು ಗಳಿಗೆ ತಡೆಯಿತು.

"ಉಂಡನಂತೆ," ಎಂದು ಮರುದೇವಿ ಮುದ್ದೆ ಮುರಿದಳು.