ಇಬುಕಿಯ ಹೆಸರಿಗೆ ಓಗೊಟ್ಟವನು

ಮುನಕಾತಾ ಸೆನ್ಸೆ, ಎಂದರೆ ಮುನಕಾತಾ ಮೇಷ್ಟ್ರು, ಹಾಜರಿ ಕರೆಯುವಾಗ ತಲೆಯೆತ್ತಿ ನೋಡುತ್ತಿರಲಿಲ್ಲ. ಯಾಮಗಾತಾದ ಆ ಸಣ್ಣ ವಿಶ್ವವಿದ್ಯಾಲಯದಲ್ಲಿ ಹಳೆಯ ಕಾವ್ಯ ಕಲಿಸುತ್ತಲೇ ತಲೆ ನರೆತ ಅವರಿಗೆ ಕಣ್ಣಿಗಿಂತ ಕಿವಿಯ ಮೇಲೇ ಭರವಸೆ. ಹೆಸರು ಕರೆದರೆ ಮಕ್ಕಳು "ಹೈ" ಎಂದು ಓಗೊಡುತ್ತಿದ್ದರು. ಆ ಒಂದು ಸದ್ದಿನಲ್ಲೇ ಯಾರಿಗೆ ನೆಗಡಿ, ಯಾರಿಗೆ ಬೇಸರ ಎಂದು ಅವರಿಗೆ ತಿಳಿದುಹೋಗುತ್ತಿತ್ತು.

ಹಾಗಾಗಿ ತರಗತಿಗೆ ಬಾರದ ಇಬುಕಿಯ ಹೆಸರಿಗೆ ಓಗೊಡುತ್ತಿದ್ದವನು ಅವನ ಗೆಳೆಯ ಮಿನಾತೊ ಎಂಬುದೂ ತಿಳಿದಿತ್ತು. ತನ್ನ ಹೆಸರಿಗೆ ತನ್ನ ದನಿ, ಗೆಳೆಯನ ಹೆಸರಿಗೆ ಗಂಟಲು ದಪ್ಪ ಮಾಡಿಕೊಂಡ ದನಿ. ಹಿಂದಿನ ವರ್ಷಗಳ ಹುಡುಗರೂ ಈ ಆಟ ಆಡಿದವರೇ. ಆದರೆ ಆಗ ವರ್ಷದ ಕೊನೆಗೆ ಪದ್ಯಗಳನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ತರಗತಿಗೆ ಬಾರದವರು ಅಲ್ಲಿ ಸಿಕ್ಕಿಬೀಳುತ್ತಿದ್ದರು. ಸೇರುವ ಮಕ್ಕಳು ಕಡಿಮೆಯಾಗುತ್ತ ಬಂದಂತೆ ವಿಭಾಗ ಆ ಪರೀಕ್ಷೆಯನ್ನೇ ತೆಗೆದುಹಾಕಿತು. ಈಗ ಹಾಜರಿ ಇದ್ದರೆ ಪಾಸು. ಸೆನ್ಸೆ ಮಾತ್ರ ಹಳೆಯ ಅಭ್ಯಾಸದಂತೆ ಸುಮ್ಮನಿದ್ದುಬಿಟ್ಟರು.

ಫೆಬ್ರವರಿಯಲ್ಲಿ ಫಲಿತಾಂಶ ಬರೆಯುವಾಗ ಕೈ ಏಳಲಿಲ್ಲ. ಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಮಿನಾತೊಗೂ ಒಂದು ಸಾಲನ್ನೂ ಕೇಳದ ಇಬುಕಿಗೂ ಒಂದೇ ಪಾಸೇ? ವಿಭಾಗದ ಮುಖ್ಯಸ್ಥ ಹಿರಾನುಮಾ ಅವರ ಬಳಿ ಹೋದರು.

"ಇಬುಕೀನ ಫೇಲ್ ಮಾಡ್ತೀನಿ."

"ಬೇಡಿ ಸೆನ್ಸೇ. ನಗೋಯಾದಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ಪದವಿ ಇಲ್ದಿದ್ರೆ ಏಪ್ರಿಲ್‌ನಲ್ಲಿ ಸೇರಿಸ್ಕೊಳಲ್ಲ. ಅದೂ ಅಲ್ದೆ, ಸುಳ್ಳು ಹಾಜರಿ ಅಂತ ಬರೆದ್ರೆ ಓಗೊಟ್ಟವನೂ ಫೇಲು. ನಿಯಮ ಹಾಗಿದೆ."

ಮಿನಾತೊ ಏಪ್ರಿಲ್‌ನಲ್ಲಿ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಹೋಗುವವನಿದ್ದ.

ಮರುದಿನ ಇಬುಕಿಗೆ ಹೇಳಿಕಳಿಸಿದರು. ಅವನು ಕೋಟಿನ ಮೇಲಿನ ಹಿಮ ಕೊಡವಿಕೊಂಡು ಒಳಬಂದ.

"ಸೆನ್ಸೇ, ನಿಮ್ಮ ರೂಮು ಹುಡುಕೋದೇ ಒಂದು ಪರೀಕ್ಷೆ ಆಯ್ತು! ಪಾಸ್ ಮಾಡ್ಬಿಡಿ."

"ನಿನ್ನ ದನಿ ಇವತ್ತೇ ಕೇಳ್ತಿರೋದು ನಾನು. ಮಿನಾತೊ ಮಾಡ್ತಿದ್ದಷ್ಟು ದಪ್ಪ ಇಲ್ಲ."

ಇಬುಕಿ ನಕ್ಕ. ಅವರು ನಗದಿದ್ದುದನ್ನು ಕಂಡು ನಿಲ್ಲಿಸಿದ.

"ಗೊತ್ತಿತ್ತಾ? ಎಲ್ಲಾರೂ ಮಾಡ್ತಾರೆ ಸೆನ್ಸೇ. ಪದ್ಯ, ಅರ್ಥ ಎಲ್ಲಾ ಫೋನಲ್ಲೇ ಇದೆ. ಅದನ್ನ ಕೇಳೋಕೆ ಹಿಮದಲ್ಲಿ ಬರ್ಬೇಕಾ?"

"ಬರದೇ ಇದ್ದದ್ದು ನಿನ್ನಿಷ್ಟ. ಆದ್ರೆ ಬಂದೆ ಅಂತ ಹೇಳಿಸಿದ್ಯಲ್ಲ. ಈಗ ನಿಜ ಬರೆದ್ರೆ ಮಿನಾತೊನ ಮೇಷ್ಟ್ರು ಕೆಲಸ ಹೋಗುತ್ತೆ. ಬರೀದಿದ್ರೆ ನಾನು ಸುಳ್ಳುಗಾರ. ಏನ್ ಮಾಡ್ಲಿ, ನೀನೇ ಹೇಳಪ್ಪ."

ಇಬುಕಿ ಮುಖ ಪಕ್ಕಕ್ಕೆ ತಿರುಗಿಸಿದ. ಸೀಮೆಎಣ್ಣೆ ಒಲೆಯ ಮೇಲೆ ಕೆಟಲು ಗುಂಯ್‌ಗುಡುತ್ತಿತ್ತು.

"ಅವನನ್ನ ಎಳೀಬೇಡಿ. ಬೇಡ ಬೇಡ ಅಂದ್ರೂ ಕಾಡಿ ಒಪ್ಪಿಸಿದ್ದು ನಾನು. ನನ್ನೊಬ್ಬನ್ನೇ ಫೇಲ್ ಮಾಡೋಕಾಗಲ್ವಾ?"

"ಆಗುತ್ತೆ. ಯಾರೂ ಓಗೊಡ್ಲಿಲ್ಲ, ನನ್ನ ಕಿವಿಯೇ ತಪ್ಪು ಕೇಳ್ತು ಅಂತ ಬರೀಬೇಕು. ನಿನ್ನ ನಗೋಯಾ ಹೋಗುತ್ತೆ."

ಇಬುಕಿ ಕೋಟಿನ ಗುಂಡಿ ಹಾಕಿಕೊಂಡ. "ಹೋಗ್ಲಿ," ಎಂದ.

ಸೆನ್ಸೆ ಬರೆದರು: ವಯಸ್ಸಾಗಿ ಕಿವಿ ಮಂದವಾಗಿದೆ, ಇಬುಕಿ ಬಾರದಿದ್ದಾಗಲೂ ತಪ್ಪಾಗಿ ಹಾಜರಿ ಹಾಕಿದ್ದೇನೆ. ಬದುಕಿನಲ್ಲಿ ತನಗೆ ಖಾತ್ರಿಯಿದ್ದ ಒಂದೇ ಒಂದನ್ನು ಇಲ್ಲವೆಂದು ಬರೆದು ಮುದ್ರೆಯೊತ್ತಿದರು. ಬೇಕೆಂದು ಹೇಳಿದ ಸುಳ್ಳು ಅದು. ಅದರ ಭಾರ ತನ್ನದೇ ಎಂದುಕೊಂಡರು.

ಹಿರಾನುಮಾ ಓದಿ ನಿಟ್ಟುಸಿರಿಟ್ಟರು. ನಿಜ ಅವರಿಗೂ ಗೊತ್ತಿತ್ತು.

"ಹಾಗಿದ್ರೆ ಮುಂದಿನ ವರ್ಷದಿಂದ ಹಾಜರಿಗೆ ಕಾರ್ಡ್ ಒತ್ತೋ ಯಂತ್ರ ಇಡಬೇಕಾಗುತ್ತೆ ಸೆನ್ಸೇ. ನೀವು ಹೆಸರು ಕರೆಯೋ ಹಾಗಿರಲ್ಲ."

"ಆಗಲಿ."

ಹೊರಬಂದರೆ ಪಡಸಾಲೆಯ ಕೊನೆಯಲ್ಲಿ ಇಬುಕಿ ಗೋಡೆಗೆ ಮುಖ ಮಾಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಕಾಣದ ಯಾರಿಗೋ ಮತ್ತೆ ಮತ್ತೆ ಸೊಂಟ ಬಾಗಿಸುತ್ತಿದ್ದ.

"ಕ್ಷಮಿಸಿ, ಏಪ್ರಿಲ್‌ನಲ್ಲಿ ನಗೋಯಾಕ್ಕೆ ಕೆಲಸಕ್ಕೆ ಬರೋಕಾಗಲ್ಲ. ಇಲ್ಲ, ಕಾಯಿಲೆ ಏನಿರಲಿಲ್ಲ. ನಾನೇ ತರಗತಿಗೆ ಹೋಗ್ಲಿಲ್ಲ."

ಸೆನ್ಸೆ ಮುಂದೆ ಹೆಜ್ಜೆಯಿಡಲಿಲ್ಲ. ಅವನ ಮಾತು ಮುಗಿಯುವವರೆಗೆ ಅಲ್ಲೇ ತಲೆ ತಗ್ಗಿಸಿ ನಿಂತರು.